ಅಕಾನಾಮಾನೇ ಎಂಬ ದ್ವೀಪದ ನಾಯಕ

ಮನುಷ್ಯನಿಗೆ ಅರ್ಧ ವಿದ್ಯೆ ಬಂದರೆ ಅದನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು, ಊಟದ ಡಬ್ಬಿಯ ಜೊತೆ ಕೆಲಸದ ಜಾಗಕ್ಕೆ ಒಯ್ಯಬಾರದು. ನಾನು ಒಯ್ದೆ. ಅದರಿಂದಾಗಿ, ಸಮುದ್ರದ ನಡುವೆ ತನ್ನ ಪಾಡಿಗೆ ತಾನಿದ್ದ ಒಂದು ಪುಟ್ಟ ದ್ವೀಪದ ಮಾನ ನಮ್ಮ ಹಾಸಿಗೆ ಕಾರ್ಖಾನೆಯಲ್ಲಿ ಹರಾಜಾಯಿತು. ದ್ವೀಪದ ಹೆಸರು ಹೇಳುವುದಿಲ್ಲ. ಒಮ್ಮೆ ಕಳೆದ ಮಾನ ಸಾಕು.

ನಾನು ಆ ಕಾರ್ಖಾನೆಯ ರವಾನೆ ಗುಮಾಸ್ತ. ಯಾವ ಹಾಸಿಗೆ ಯಾವ ಲಾರಿಗೆ, ಯಾವ ಲಾರಿ ಯಾವ ಅಂಗಡಿಗೆ ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಹೆಸರು ಹಿಡಿದು ಕರೆಯುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲದ್ದರಿಂದ ಎಲ್ಲರಿಗೂ ನಾನು ಬರೀ 'ರವಾನೆ'. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸಾಹೇಬರು ಮನಸ್ಸು ಮಾಡಿದರೆ ಖಾಯಂ, ಮನಸ್ಸು ಕೆಟ್ಟರೆ ನಾನೇ ರವಾನೆ.

ನಾಲ್ಕಕ್ಷರ ಹೆಚ್ಚಿಗೆ ಕಲಿತರೆ ಸಾಹೇಬರ ಮನಸ್ಸು ಈ ಕಡೆ ವಾಲಬಹುದೆಂದು ಸಂಜೆ ತರಗತಿಗೆ ಸೇರಿ ಕಂಪ್ಯೂಟರ್ ಕಲಿತೆ. ದಿನವಿಡೀ ಲಾರಿಗಳ ಹಿಂದೆ ಓಡಾಡಿ ಹೋಗಿ ಕೂತವನಿಗೆ ಪಾಠ ಅರ್ಧ, ತೂಕಡಿಕೆ ಅರ್ಧ. ಎಚ್ಚರವಿದ್ದ ಅರ್ಧದಲ್ಲಿ ಮೇಷ್ಟ್ರು ಹೇಳಿದ್ದು ಇದು: "ಮೇಲ್ ವಿಳಾಸದ ಕೊನೆಗೆ ಒಂದು ಚುಕ್ಕಿ ಇಟ್ಟು ಎರಡಕ್ಷರ ಬರುತ್ತಲ್ಲ, ಅದು ಬಾಲ ಇದ್ದ ಹಾಗೆ. ಒಂದೊಂದು ದೇಶಕ್ಕೆ ಒಂದೊಂದು ಬಾಲ." ಆಮೇಲೆ ಅವರು "ಆದರೆ..." ಎಂದರು. ಅಷ್ಟರಲ್ಲಿ ನನಗೆ ನಿದ್ದೆ ಹತ್ತಿತು. ಈ ಕಥೆಯೆಲ್ಲ ಆ 'ಆದರೆ'ಯ ಆಚೆ ನಡೆದದ್ದು.

ನಿದ್ದೆಯ ವಿಷಯ ಬಂತೆಂದು ಹೇಳುತ್ತೇನೆ. ನಮ್ಮ ಸಾಹೇಬರ ಕೋಣೆಯಲ್ಲಿ ಮೇಜಿಗಿಂತ ದೊಡ್ಡದಾಗಿ ಒಂದು ಮಾದರಿ ಹಾಸಿಗೆ ಇತ್ತು. ಬಂದ ಗಿರಾಕಿ ಅದರ ಮೇಲೆ ಒಮ್ಮೆ ಮಲಗಲೇಬೇಕು. "ಇದರ ಮೇಲೆ ಮಲಗಿದವನಿಗೆ ಮಾತಿನ ಮೊದಲರ್ಧ ಕೇಳಿಸ್ಬೇಕು, ಎರಡನೇ ಅರ್ಧ ಕೇಳಿಸ್ಬಾರ್ದು. ಅದೇ ನಮ್ಮ ಮಾಲಿನ ಗುಣ" ಎನ್ನುತ್ತಿದ್ದರು ಸಾಹೇಬರು. ಗುಣ ಹಾಗೇ ಇದೆಯೋ ಇಲ್ಲವೋ ಎಂದು ಊಟವಾದ ಮೇಲೆ ದಿನವೂ ತಾವೇ ಮಲಗಿ ಪರೀಕ್ಷೆ ಮಾಡುತ್ತಿದ್ದರು. ಪರೀಕ್ಷೆ ಮುಗಿದದ್ದು ಗೊರಕೆಯಿಂದ ನಮಗೆ ತಿಳಿಯುತ್ತಿತ್ತು.

ಸಾಹೇಬರ ತಲೆಯ ಮೇಲೆ ಕೂದಲಿರಲಿಲ್ಲ. ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ, ಕಥೆಗೆ ಬೇಕು.

ಒಂದು ಬೆಳಿಗ್ಗೆ ಸಾಹೇಬರು ಫೋನು ಹಿಡಿದುಕೊಂಡು ಹೊಲಿಗೆ ಯಂತ್ರಗಳ ನಡುವೆ ಬಂದು ನಿಂತರು. ಕೆಂಪಾದ ಮುಖ ಎಲ್ಲಿ ಮುಗಿಯಿತು, ತಲೆ ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ.

"ಯಾರು ಇದು? ದಿನಾ ಬೆಳಗಾದ್ರೆ ನನಗೆ ಮೇಲ್ ಕಳಿಸೋದು ಯಾರು?"

ಲೆಕ್ಕದ ಮೇಡಂ ಫೋನು ತೆಗೆದುಕೊಂಡು ಗಟ್ಟಿಯಾಗಿ ಓದಿದರು. ಲೆಕ್ಕದವರಾದ್ದರಿಂದ ಏನನ್ನೂ ಬಿಟ್ಟು ಓದುವ ಅಭ್ಯಾಸ ಅವರಿಗಿಲ್ಲ. "ಮಾನ್ಯರೇ, ತಮ್ಮ ತಲೆಯ ಬಗ್ಗೆ ನಮಗೆ ಚಿಂತೆಯಾಗಿದೆ. ನಮ್ಮ ಕೇಶತೈಲ ಒಮ್ಮೆ ಬಳಸಿ ನೋಡಿ." ಕೆಳಗೆ ಎರಡನೆಯದು: "ಮಾನ್ಯರೇ, ನಿನ್ನೆಗಿಂತ ಇಂದು ಕಡಿಮೆಯಾಗಿದೆಯಲ್ಲವೇ?" ಮೂರನೆಯದು: "ಮಾನ್ಯರೇ, ಇನ್ನೂ ತಡ ಮಾಡಿದರೆ ನಾವೂ ಕೈಚೆಲ್ಲಬೇಕಾದೀತು."

"ಕೈ ಚೆಲ್ತಾರಂತೆ!" ಸಾಹೇಬರು ಗುಡುಗಿದರು. "ನೋಡ್ತೀನಿ, ಇವರಿಂದ ನನ್ನ ಒಂದು ಕೂದಲೂ ಕೊಂಕಿಸೋಕಾಗಲ್ಲ!"

ಯಾರೂ ನಗಲಿಲ್ಲ. ನಗದೇ ಇರುವುದಕ್ಕೆ ಹತ್ತಿ ಮಾಮ ಒಂದು ದಿಂಬನ್ನು ಬಾಯಿಗೆ ಒತ್ತಿಕೊಳ್ಳಬೇಕಾಯಿತು. ಹತ್ತಿ ಮಾಮ ಎಂದರೆ ಹತ್ತಿ ತುಂಬುವ ವಿಭಾಗದ ಹಿರಿಯರು. ಮಾತೂ ಹಾಗೆಯೇ, ಒಂದು ಹಿಡಿ ಸಿಕ್ಕರೆ ಒಂದು ಹಾಸಿಗೆಯಾಗುವಷ್ಟು ಉಬ್ಬಿಸುವವರು.

ಆ ಗಳಿಗೆಯಲ್ಲಿ ನಾನು ಬಾಯಿ ತೆರೆದೆ. "ಸರ್, ಬಾಲ ನೋಡಿದ್ರೆ ಯಾವ ದೇಶದಿಂದ ಬಂತು ಅಂತ ಹೇಳಬಹುದು."

"ಯಾರ ಬಾಲ?"

"ವಿಳಾಸದ್ದು ಸರ್. ತರಗತೀಲಿ ಹೇಳ್ಕೊಟ್ಟಿದ್ದಾರೆ."

ಎಲ್ಲ ಯಂತ್ರಗಳೂ ನಿಂತವು. ನಾನು ಬಾಲ ನೋಡಿದೆ. ಯಾವ ಬಾಲ ಯಾರದು ಎಂದು ಹುಡುಕಿದಾಗ ಒಂದು ದ್ವೀಪ ಸಿಕ್ಕಿತು. ಭೂಪಟದಲ್ಲಿ ಅದು ಎಷ್ಟು ಚಿಕ್ಕದಿತ್ತೆಂದರೆ ಲೆಕ್ಕದ ಮೇಡಂ ಅದನ್ನು ನೊಣದ ಗುರುತೆಂದು ಒರೆಸಲು ಹೋದರು.

"ಈ ಸಾಸಿವೆ ಕಾಳಿನಷ್ಟು ಜಾಗದೋರಿಗೆ ನನ್ನ ತಲೆ ಮೇಲೆ ಕಣ್ಣಾ?" ಎಂದರು ಸಾಹೇಬರು. "ಬಾಲದ ಹಿಂದೆ ಏನೋ ಹೆಸರಿದೆಯಲ್ಲ, ಅದೇನು?"

ಚುಕ್ಕಿಗೆ ಮೊದಲು ಇಂಗ್ಲಿಷ್ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಎ, ಕೆ, ಕೆ, ಎ, ಎನ್, ಎ, ಎಂ, ಎ, ಎನ್, ಇ. ಲೆಕ್ಕದ ಮೇಡಂ ಉಸಿರು ಬಿಗಿಹಿಡಿದು ಓದಿದರು. "ಅಕಾ... ನಾಮಾ... ನೇ. ಅಕಾನಾಮಾನೇ!"

"ದ್ವೀಪದವರ ಹೆಸರೇ, ಅನುಮಾನವಿಲ್ಲ" ಎಂದೆ ನಾನು. ಅಂಥ ಹೆಸರನ್ನು ಅದಕ್ಕೆ ಮೊದಲು ಕೇಳಿರಲಿಲ್ಲವಾದ್ದರಿಂದ ಅನುಮಾನ ಪಡುವುದಕ್ಕೆ ಆಧಾರವೂ ಇರಲಿಲ್ಲ.

"ನೋಡಿದ್ರಾ?" ಸಾಹೇಬರು ತೊಡೆ ತಟ್ಟಿದರು. "ನಾಮ ಹಾಕೋನ ಹೆಸರೊಳಗೇ ನಾಮ ಇದೆ!"

"ಅವರ ನಾಯಕ ಇರಬೇಕು ಸಾಹೇಬ್ರೇ" ಎಂದರು ಹತ್ತಿ ಮಾಮ. "ಅಂಥಾ ಕಡೆ ನಾಯಕರಿಗೆ ಮೊಣಕಾಲಿನವರೆಗೂ ಕೂದಲಿರುತ್ತೆ. ಇಲ್ಲದೋರನ್ನ ಕಂಡ್ರೆ ಅವರಿಗೆ ತಡಿಯೋಕಾಗಲ್ಲ."

"ಆದ್ರೆ ನಮ್ಮ ಭಾಷೇಲಿ ಇಷ್ಟು ಚೆನ್ನಾಗಿ ಹೆಂಗೆ ಬರೀತಾರೆ?" ಎಂದು ಕೇಳಿದರು ಲೆಕ್ಕದ ಮೇಡಂ.

ಒಳ್ಳೆಯ ಪ್ರಶ್ನೆ. ಇದಕ್ಕೆ ಅಲ್ಲೇ ಐದು ನಿಮಿಷ ಕೊಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹತ್ತಿ ಮಾಮ ಬಿಡಲಿಲ್ಲ. "ಕಲಿತಿರ್ತಾರೆ ಬಿಡಮ್ಮ. ಮೋಸ ಮಾಡೋರಿಗೆ ಭಾಷೆ ಬೇಗ ಹತ್ತುತ್ತೆ."

ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟರು. ಆ ಕೈ ಅಲ್ಲಿಗೆ ಬಂದದ್ದು ಅದೇ ಮೊದಲು. "ರವಾನೆ, ಇವತ್ತಿನಿಂದ ಆಫೀಸಿನ ಮೇಲ್ ನೀನೇ ನೋಡು. ಆ ಬಾಲ ಕಂಡ ತಕ್ಷಣ ಕಸಕ್ಕೆ ಹಾಕು, ತೆರೆದೂ ನೋಡಬೇಡ. ಒಂದು ತಿಂಗಳು ನನ್ನ ತಲೆ ಕಾಯಿ, ನಿನ್ನ ಕೆಲಸ ಖಾಯಂ."

ಹಾಸಿಗೆ ಕಟ್ಟುವ ದಪ್ಪ ರಟ್ಟಿನ ಮೇಲೆ ಆ ಹತ್ತು ಅಕ್ಷರಗಳನ್ನು ಅಂಗೈಯಗಲ ಬರೆದು, ಕೆಳಗೆ 'ಇದನ್ನು ಯಾರೂ ತೆರೆಯಬಾರದು' ಎಂದು ಸೇರಿಸಿ, ಕಚೇರಿಯ ಗೋಡೆಗೆ ಅಂಟಿಸಿದೆ.

ಮನೆಗೆ ಬಂದಾಗ ಬಾಗಿಲ ಕೋಣೆಯಲ್ಲಿ ಭಾವಮೈದ ಎಂದಿನಂತೆ ಹೊಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಲಗಿದ್ದ. ನನ್ನ ಹೆಂಡತಿಯ ತಮ್ಮ ಇವನು. ನಾಲ್ಕು ದಿನಕ್ಕೆಂದು ಬಂದವನು. ಯಾವ ನಾಲ್ಕು ದಿನ ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಜಾಹೀರಾತಿನ ಕೆಲಸ ಮಾಡುತ್ತೇನೆ ಎನ್ನುತ್ತಿದ್ದ. ನಾನೇ ಸಾಹೇಬರಿಗೆ ಹೇಳಿ, ನಮ್ಮ ಹಾಸಿಗೆಗಳನ್ನು ಇಂಟರ್ನೆಟ್ಟಿನಲ್ಲಿ ಪ್ರಚಾರ ಮಾಡುವ ಕೆಲಸವನ್ನು ಅವನಿಗೆ ಕೊಡಿಸಿದ್ದೆ.

ಊಟಕ್ಕೆ ಕೂತಾಗ ನನ್ನ ಪ್ರತಾಪವನ್ನೆಲ್ಲ ಹೇಳಿದೆ. ಸಾಹೇಬರ ತಲೆ, ಮಾದರಿ ಹಾಸಿಗೆಯ ಮೇಲಿನ ಅವರ ಗೊರಕೆ, ದ್ವೀಪ, ಬಾಲ, ಯಾವುದನ್ನೂ ಬಿಡಲಿಲ್ಲ.

"ಬಾಲ ನೋಡಿ ದೇಶ ಹೇಳಿದ್ರಾ ಭಾವ?" ಎಂದ ಅವನು. ಅನ್ನ ಕಲಸುತ್ತಿದ್ದ ಕೈ ನಿಂತಿತು. "ಅದು ಹಂಗಲ್ಲ. ಬಾಲ ಯಾರು ಬೇಕಾದ್ರೂ..."

"ನೀನು ಸುಮ್ನಿರಪ್ಪ. ತರಗತಿಗೆ ಹೋಗಿದ್ದು ನಾನಾ, ನೀನಾ?"

"ನೀವೇ ಭಾವ."

"ಮತ್ತೆ?"

ಅವನು ಸುಮ್ಮನಾದ. ಹೇಳಿದ ತಕ್ಷಣ ಸುಮ್ಮನಾಗುವ ಭಾವಮೈದ ಸಿಗುವುದು ಅಪರೂಪವೆಂದು ನಾನು ಹೆಂಡತಿಯ ಮುಂದೆ ಹೊಗಳಿದೆ. "ಅವನು ಸುಮ್ಮನಾದ್ರೆ ನಂಗೆ ಭಯ ಆಗುತ್ತೆ" ಎಂದಳು ಅವಳು.

ಆಮೇಲಿನ ದಿನಗಳು ನನ್ನ ಜೀವನದ ಸುವರ್ಣಯುಗ. ಆ ಬಾಲ ಹೊತ್ತು ಬಂದದ್ದನ್ನೆಲ್ಲ ನೋಡಿದ ಕೂಡಲೇ ಕಸಕ್ಕೆ ಎಸೆದೆ. ಅಕಾನಾಮಾನೇ ಅಲ್ಲದೆ ಬೇರೆ ಹೆಸರುಗಳೂ ಅದೇ ಬಾಲ ಹೊತ್ತು ಬರತೊಡಗಿದವು. ಅದರಲ್ಲೊಂದು ಬಿಟ್ಟೂಬಿಡದೆ ಬಂತು. "ಅವನ ತಮ್ಮನೋ, ಮಂತ್ರಿಯೋ ಇರಬೇಕು" ಎಂದರು ಹತ್ತಿ ಮಾಮ. ಅದನ್ನೂ ಎಸೆದೆ. ಸಾಹೇಬರ ತಲೆ ತಣ್ಣಗಿತ್ತು. ಅಕ್ಕಪಕ್ಕದ ಅಂಗಡಿಯವರು ತಮ್ಮ ಫೋನು ತಂದು "ಇದರ ಬಾಲ ಸ್ವಲ್ಪ ನೋಡಿ" ಎಂದು ಕೇಳುವಂತಾಯಿತು. ನಾನು ನಾಡಿ ಹಿಡಿಯುವವರ ಹಾಗೆ ಕಣ್ಣುಮುಚ್ಚಿ, ಆಮೇಲೆ ತೆರೆದು, ದೇಶ ಹೇಳುತ್ತಿದ್ದೆ. ಎದುರಿನ ಕನ್ನಡಕದಂಗಡಿಯವರು ಮಗಳಿಗೆ ಬಂದ ಪ್ರೇಮಪತ್ರವನ್ನೂ ತಂದು ತೋರಿಸಿದರು. ಅದಕ್ಕೆ ಬಾಲ ಇರಲಿಲ್ಲ, ಕಾಗದದ ಪತ್ರ.

ಒಂದು ತಿಂಗಳು ತುಂಬುವುದಕ್ಕೆ ಇನ್ನು ಸ್ವಲ್ಪ ದಿನ ಇರುವಾಗ, ಒಂದು ಮಧ್ಯಾಹ್ನ ಹತ್ತಿ ಮಾಮ ಗೇಟಿನಿಂದ ಓಡಿಬಂದರು. ಅವರು ಓಡಿದ್ದನ್ನು ನಾವ್ಯಾರೂ ನೋಡಿರಲಿಲ್ಲ. ಮೈಗಂಟಿದ ಹತ್ತಿಯೆಲ್ಲ ಹಿಂದೆ ಹಾರುತ್ತಿತ್ತು.

"ಬಂದ! ಅಕಾನಾಮಾನೇ ಬಂದ!"

"ಎಲ್ಲಿ?"

"ಗೇಟಲ್ಲಿ! ಆ ದ್ವೀಪದ ಹೆಸರು ಅವನ ಬಾಯಿಂದಾನೇ ಬಂತು! ಕೂದಲು ನೋಡಿ ಸಾಹೇಬ್ರೇ, ಕೂದಲು!"

ಹೊಲಿಗೆಯವರು ಕೈಗೆ ಸಿಕ್ಕ ದಿಂಬು ಹಿಡಿದು ಸಾಲಾಗಿ ನಿಂತರು. ದಿಂಬಿನಿಂದ ಹೊಡೆದರೆ ಏನಾಗುತ್ತದೆಂದು ಆಗ ಯಾರೂ ಕೇಳಲಿಲ್ಲ. ಒಳಗೆ ಬಂದವರು ಎತ್ತರದ, ದಪ್ಪನೆಯ, ತುಂಬ ನಾಚಿಕೆಯ ಮನುಷ್ಯ. ಅವರ ತಲೆಯ ಮೇಲೆ ಮೂವರು ಸಾಹೇಬರಿಗೆ ಹಂಚಿದರೂ ಮಿಗುವಷ್ಟು ಕೂದಲು ಗುಂಗುರಾಗಿ ಭುಜದವರೆಗೂ ಇಳಿದಿತ್ತು.

"ಎಣ್ಣೆಯ ಜಾಹೀರಾತೇ ನಡ್ಕೊಂಡು ಬಂದಿದೆ!" ಎಂದರು ಸಾಹೇಬರು.

ಬಂದವರು ಮಾತಾಡಿದ್ದು ಇಂಗ್ಲಿಷ್. ಅದು ಸರಾಗವಾಗಿ ಬರುತ್ತಿದ್ದದ್ದು ಲೆಕ್ಕದ ಮೇಡಂಗೆ ಮಾತ್ರ. ಅವರೇ ಎರಡು ಕಡೆಗೂ ಭಾಷಾಂತರ.

ಸಾಹೇಬರು ಶುರುಮಾಡಿದರು. "ಕೇಳಿ ಮೇಡಂ! ನನ್ನ ತಲೆ ಇವರಪ್ಪನ ಆಸ್ತೀನಾ? ನಿನ್ನೆಗಿಂತ ಕಡಿಮೆ ಆಗಿದ್ಯಾ ಅಂತ ಕೇಳೋಕೆ ಇವರು ಯಾರು? ಸಮುದ್ರ ದಾಟಿ ಬಂದು ಅಳತೆ ತಗೊಳ್ತಾರಾ? ಕೇಳಿ!"

ಲೆಕ್ಕದ ಮೇಡಂ ಬಂದವರ ಕಡೆ ತಿರುಗಿ ಎರಡೇ ಮಾತು ಹೇಳಿದರು. ಅವರು ನಕ್ಕು ತಲೆಬಾಗಿದರು.

"ಏನಂದ್ರಿ?" ಎಂದು ಕೇಳಿದರು ಸಾಹೇಬರು.

"ದೂರದಿಂದ ಬಂದಿದ್ದೀರಿ, ಕೂತ್ಕೊಳ್ಳಿ ಅಂದೆ ಸರ್. ದಿಂಬು ಹಿಡಿದು ನಿಂತಿರೋದು ಯಾಕೆ ಅಂತ ಕೇಳಿದ್ರು. ಸ್ವಾಗತ ಅಂದೆ."

ಬಂದವರು ಕೂತರು. ಜೇಬಿನಿಂದ ಫೋನು ತೆಗೆದು ಒಂದು ಮೇಲ್ ತೋರಿಸಿದರು. ನಮ್ಮ ಕಾರ್ಖಾನೆಯ ಹಾಸಿಗೆಯ ಜಾಹೀರಾತು! ಮೇಲೆ ನಮ್ಮ ಮಾದರಿ ಹಾಸಿಗೆಯ ಚಿತ್ರ, ಕೆಳಗೆ ಸಣ್ಣಕ್ಷರದಲ್ಲಿ ನಮ್ಮ ಬೀದಿಯ ವಿಳಾಸ, ಆಫೀಸಿನ ಮೇಲ್ ವಿಳಾಸ. ಕಳಿಸಿದವರ ಜಾಗದಲ್ಲಿ ಅದೇ ಹತ್ತು ಅಕ್ಷರ, ಅದೇ ಚುಕ್ಕಿ, ಅದೇ ಬಾಲ.

ಅವರು ಹೇಳಿದ್ದನ್ನು ಲೆಕ್ಕದ ಮೇಡಂ ಒಂದು ಅಕ್ಷರ ಬಿಡದೆ ತಿರುಗಿಸಿದರು. "ಇವರು ಅಲ್ಲೊಂದು ವಸತಿಗೃಹ ನಡೆಸ್ತಾರಂತೆ. ಹಾಸಿಗೆ ಎಲ್ಲಾ ಹಳತಾಗಿದೆ. ಈ ಮೇಲ್ ಬಂದಾಗ ಬಾಲ ನೋಡಿದ್ರಂತೆ. ತಮ್ಮ ದೇಶದ್ದೇ ಬಾಲ! ನಮ್ಮ ದ್ವೀಪದಲ್ಲೇ ಹಾಸಿಗೆ ಕಾರ್ಖಾನೆ ಶುರುವಾಯ್ತಲ್ಲ ಅಂತ ಖುಷಿಯಾಗಿ ಹುಡುಕೋಕೆ ಹೊರಟ್ರಂತೆ. ದ್ವೀಪ ಎಷ್ಟು ದೊಡ್ಡದಪ್ಪ ಅಂದ್ರೆ, ತಿಂಡಿ ತಿಂದು ಒಂದು ಕಡೆ ಹೊರಟ್ರೆ ಊಟದ ಹೊತ್ತಿಗೆ ಇನ್ನೊಂದು ಕಡೆಯಿಂದ ಮನೆಗೆ ಬರ್ತಾರಂತೆ. ಎರಡು ಸುತ್ತು ಹಾಕಿದ್ರಂತೆ. ಕಾರ್ಖಾನೆ ಇಲ್ಲ. ಅತ್ತೆ ಇವತ್ತಿಗೂ ಆಡ್ಕೊಂಡು ನಗ್ತಾರಂತೆ."

ಆ ಸಭೆಯಲ್ಲಿ ನನ್ನನ್ನು ಬಿಟ್ಟು ಬಾಲವನ್ನು ನಂಬಿದ ಮನುಷ್ಯ ಇನ್ನೊಬ್ಬನಿದ್ದಾನೆಂದು ತಿಳಿದು ನನಗೆ ಸಂತೋಷವಾಯಿತು. ಆ ಸಂತೋಷ ಲೆಕ್ಕದ ಮೇಡಂ ಮುಂದಿನ ಮಾತು ಹೇಳುವ ತನಕ ಇತ್ತು.

"ಆಮೇಲೆ ಕೆಳಗಿದ್ದ ವಿಳಾಸ ನೋಡಿ ನಮ್ಮ ಆಫೀಸಿಗೆ ಮೇಲ್ ಮೇಲೆ ಮೇಲ್ ಬರೆದ್ರಂತೆ. ಹಾಸಿಗೆ ಬೇಕು, ಬೆಲೆ ಎಷ್ಟು ಅಂತ. ಒಂದಕ್ಕೂ ಉತ್ತರ ಇಲ್ಲ. ಕೊನೆಗೆ ಬೇರೆ ಕೆಲಸಕ್ಕೆ ಈ ಕಡೆ ಬಂದೋರು ನೋಡೇ ಬಿಡೋಣ ಅಂತ ಬಂದಿದ್ದಾರೆ."

ಎಲ್ಲರೂ ನನ್ನ ಕಡೆ ತಿರುಗಿದರು. ದಿಂಬುಗಳೂ ತಿರುಗಿದವು.

"ರವಾನೆ" ಎಂದರು ಸಾಹೇಬರು, ಬಹಳ ಮೆತ್ತಗೆ. "ಗಿರಾಕಿಯ ಮೇಲ್ ಬಂದಿತ್ತಾ?"

"ಬಂದಿರಬಹುದು ಸರ್."

"ಎಲ್ಲಿದೆ?"

"ಕಸದಲ್ಲಿ ಸರ್. ಬಾಲ ನೋಡಿ..."

"ಬಾಲ! ನಾಳೆಯಿಂದ ನಿನ್ನ ಬಾಲ ಈ ಗೇಟಿನೊಳಗೆ ಕಾಣಿಸಬಾರದು! ಲಾರಿ ಹತ್ತಿಸಿ ನಾನೇ ರವಾನೆ ಮಾಡ್ತೀನಿ!" ಆಮೇಲೆ ಮೇಡಂ ಕಡೆ ತಿರುಗಿ, "ಹಂಗಾದ್ರೆ ಈ ಅಕಾನಾಮಾನೇ ಯಾರಂತೆ? ಕೇಳಿ."

ಕೇಳಿದರು. ಬಂದವರು ಕಣ್ಣರಳಿಸಿ ಗೋಡೆಯ ಮೇಲಿನ ರಟ್ಟನ್ನು ನೋಡಿದರು. "ಅದು ನಮ್ಮ ಭಾಷೇದು ಅಂದ್ಕೊಂಡಿದ್ರಂತೆ ಸರ್. ಅವರ ಭಾಷೇಲಿ ಅಂಥ ಮಾತಿಲ್ವಂತೆ. ತೀರಾ ಎಳೆದಾಡಿದ್ರೆ 'ಒದ್ದೆಯಾದ ಏಡಿ' ಅಂತ ಆಗಬಹುದಂತೆ."

"ಒದ್ದೆ ಏಡಿ ನನ್ನ ತಲೆಗೆ ಎಣ್ಣೆ ಮಾರುತ್ತಾ?"

ಇದನ್ನು ಮಾತ್ರ ಮೇಡಂ ಭಾಷಾಂತರಿಸಲಿಲ್ಲ.

ನನ್ನ ಕೆಲಸ ಹೀಗೆ ಗೇಟಿನ ಕಡೆ ಹೊರಟಿರುವಾಗ ಬಾಗಿಲಲ್ಲಿ ನನ್ನ ಹೆಂಡತಿ ಕಾಣಿಸಿಕೊಂಡಳು. ಕೈಯಲ್ಲಿ ಊಟದ ಡಬ್ಬಿ.

"ರೀ, ಡಬ್ಬಿ ಬಿಟ್ಟು ಬಂದಿದ್ದೀರಲ್ಲ. ತಲೆ ಕತ್ತಿಗೆ ಅಂಟ್ಕೊಂಡಿದೆ, ಸರಿಹೋಯ್ತು. ಇಲ್ಲಾಂದ್ರೆ ಕೂದಲು ಸಮೇತ ಅದನ್ನೂ ಎಲ್ಲಾದ್ರೂ ಮರೀತಿದ್ರಿ."

ಸಾಹೇಬರು ಕೆಮ್ಮಿದರು. ಅವಳು ಡಬ್ಬಿ ಇಡಲು ಮೇಜಿನ ಹತ್ತಿರ ಬಂದವಳು ಗೋಡೆಯ ಕಡೆ ನೋಡಿ ನಿಂತುಬಿಟ್ಟಳು. ಮುಖ ಗಂಟಿಕ್ಕಿತು.

"ಇದೇನ್ರೀ ಇದು? 'ಅಕ್ಕನ ಮನೆ, ಇದನ್ನು ಯಾರೂ ತೆರೆಯಬಾರದು' ಅಂತ ಬರ್ದು ಹಾಕಿದ್ದೀರಿ? ನನ್ನ ಮನೆ ಮೇಲೆ ಅಂಥಾ ಸಿಟ್ಟೇನು ನಿಮಗೆ?"

ಲೆಕ್ಕದ ಮೇಡಂ ರಟ್ಟಿನ ಅಕ್ಷರಗಳ ಮೇಲೆ ಬೆರಳಿಟ್ಟು ಮತ್ತೊಮ್ಮೆ ಕೂಡಿಸಿ ಓದಿದರು.

"ಏನಂತ ಓದಿದ್ರಮ್ಮ?" ಎಂದರು ಸಾಹೇಬರು.

"ಅಕ್ಕನ ಮನೆ. ನನ್ನ ತಮ್ಮ ದಿನಾ ಹಿಂಗೇ ಇಂಗ್ಲಿಷ್ ಅಕ್ಷರದಲ್ಲೇ ಮೆಸೇಜು ಕಳಿಸೋದು. ಎಲ್ಲಿದ್ದೀಯೋ ಅಂದ್ರೆ ಅಕ್ಕನ ಮನೆ, ಯಾರ ಮನೇಲಿ ಊಟ ಅಂದ್ರೆ ಅಕ್ಕನ ಮನೆ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರೆ. ನಾನು ಊರು ದಾಟಿ ಸಮುದ್ರದಲ್ಲಿ ಹುಡುಕಿದ್ದೆ. ಕೂಸು ಬಾಗಿಲ ಕೋಣೆಯಲ್ಲಿ ಹೊಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಲಗಿತ್ತು.

ಹತ್ತಿ ಮಾಮ ಮೆಲ್ಲಗೆ, "ಹಂಗಾದ್ರೆ ನಾಯಕ ಅಲ್ಲ, ನಾಯಕಿ" ಎಂದರು. ಹೆಂಡತಿ ಅವರ ಕಡೆ ನೋಡಿದ ನೋಟಕ್ಕೆ ಅವರ ಕೈಯ ದಿಂಬು ಕೆಳಗೆ ಬಿತ್ತು. ಅವಳು ಅಲ್ಲೇ ತಮ್ಮನಿಗೆ ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟಳು.

"ಲೋ, ಈ ಅಕ್ಕನ ಮನೆ ಮೇಲ್ ಕಳಿಸೋನು ನೀನೇನೋ?"

"ಹೂಂ ಅಕ್ಕಾ. ಯಾಕೆ, ಭಾವನ ಸಾಹೇಬ್ರಿಗೆ ಎಣ್ಣೆ ಬೇಕಂತಾ?"

ಸಾಹೇಬರು ಫೋನಿನ ಮೇಲೆ ಎರಗಿದರು. ಮೇಡಂ ತಡೆದರು.

"ಆ ದ್ವೀಪಕ್ಕೆ ಯಾವಾಗ ಹೋಗಿದ್ಯೋ?"

"ದ್ವೀಪ ಎಲ್ಲಿದೆ ಅಂತಾನೇ ನಂಗೊತ್ತಿಲ್ಲ ಅಕ್ಕಾ. ಬಾಲ ಅಗ್ಗಕ್ಕೆ ಮಾರ್ತಿದ್ರು, ಒಂದು ಕಾಫಿ ದುಡ್ಡು. ಇಲ್ಲೇ ಮಲ್ಕೊಂಡು ತಗೊಂಡೆ. ಯಾರು ಬೇಕಾದ್ರೂ ತಗೋಬಹುದು. ಹಾಸಿಗೆಗೂ ಅದೇ, ಎಣ್ಣೆಗೂ ಅದೇ. ಭಾವಂಗೆ ಅವತ್ತೇ ಹೇಳೋಕೆ ಹೋದೆ, ತರಗತಿಗೆ ಹೋಗಿದ್ದು ನಾನಾ ನೀನಾ ಅಂದ್ರು."

ಮೇಷ್ಟ್ರ 'ಆದರೆ'ಯ ಆಚೆ ಏನಿತ್ತು ಎಂಬುದು ನನಗೆ ತಿಳಿದದ್ದು ಹೀಗೆ.

"ನೋಡು, ಇವತ್ತೇ ನನ್ನ ಹೆಸರು ಅದರಿಂದ ತೆಗೀಬೇಕು. ಸಾಹೇಬ್ರ ತಲೆ ತಂಟೆಗೆ ಹೋಗಬಾರ್ದು. ಇಲ್ಲಾಂದ್ರೆ ಅಕ್ಕನ ಮನೆ ಬಿಟ್ಟು ಮಾವನ ಮನೆ ಸೇರ್ತೀಯ, ಕಂಬಿ ಇರೋ ಮನೆ!"

"ಆಯ್ತಕ್ಕಾ. ನಿನ್ನ ಹೆಸರು ತೆಗೀತೀನಿ."

ಫೋನು ಇಟ್ಟ ಮೇಲೆ ಸಾಹೇಬರು ನನ್ನ ಕಡೆ ತಿರುಗಿದರು. ಕಸದಲ್ಲಿ ಬಿದ್ದ ಗಿರಾಕಿ, ಮನೆಯಲ್ಲಿ ಸಾಕಿದ ಭಾವಮೈದ, ಇವೆರಡರಲ್ಲಿ ಯಾವುದಕ್ಕೆ ಮೊದಲು ಬೈಯಬೇಕೆಂದು ಅವರು ಲೆಕ್ಕ ಹಾಕುತ್ತಿರುವಾಗ ಮಾದರಿ ಹಾಸಿಗೆಯ ಕೋಣೆಯಿಂದ ಒಂದು ಸದ್ದು ಬಂತು. ಗೊರಕೆ.

ಮಾತುಕತೆ ನಡೆಯುತ್ತಿದ್ದಾಗ ದ್ವೀಪದವರು ಎದ್ದು ಹೋಗಿ, ಚಿತ್ರದಲ್ಲಿ ಕಂಡ ಹಾಸಿಗೆ ಇದೇನಾ ಎಂದು ನೋಡಲು ಸ್ವಲ್ಪ ಒರಗಿದ್ದರು. ಅವರ ಕೂದಲು ಹಾಸಿಗೆಯ ತುಂಬ ಹರಡಿತ್ತು. ಸಾಹೇಬರು ಬಾಗಿಲಲ್ಲಿ ನಿಂತು ಆ ನಿದ್ದೆಯನ್ನು ಕಣ್ತುಂಬ ನೋಡಿದರು. ಗದ್ದಲಕ್ಕೂ ಎಚ್ಚರವಾಗದ ಅಂಥ ನಿದ್ದೆಯನ್ನು ಯಾವ ಗಿರಾಕಿಯೂ ಅವರಿಗೆ ಕೊಟ್ಟಿರಲಿಲ್ಲ.

ಸಂಜೆ ಎದ್ದವರು ವಸತಿಗೃಹಕ್ಕೆ ಬೇಕಾದ ಹಾಸಿಗೆಗಳನ್ನೆಲ್ಲ ಹೇಳಿದರು. ಅತ್ತೆಗೊಂದು ಬೇರೆ, ಎಲ್ಲಕ್ಕಿಂತ ದಪ್ಪನೆಯದು. ನಾನು ಪಟ್ಟಿ ಬರೆದುಕೊಂಡು ಸಾಹೇಬರ ತೀರ್ಪಿಗೆ ಕಾಯುತ್ತಿದ್ದೆ.

ಸಾಹೇಬರ ತರ್ಕ ಅವರಿಗೇ ಮೀಸಲು. "ನೀನು ಆ ಮೇಲ್‌ಗೆ ಉತ್ತರ ಕೊಟ್ಟಿದ್ರೆ ಇವರು ಏನ್ ಮಾಡ್ತಿದ್ರು? ಮನೇಲೇ ಕೂತು ಬೆಲೆ ಚೌಕಾಸಿ ಮಾಡ್ತಿದ್ರು. ಕೊಡಲಿಲ್ಲ, ಅದಕ್ಕೇ ಬಂದ್ರು. ಬಂದ್ರು, ಅದಕ್ಕೇ ಮಲಗಿದ್ರು. ನಮ್ಮ ಹಾಸಿಗೆ ಮೇಲೆ ಮಲಗಿದೋನು ಚೌಕಾಸಿ ಮಾಡಲ್ಲ. ಹೋಗು, ನೀನು ಖಾಯಂ. ಆ ಬಾಲದ ವಿದ್ಯೆ ಮಾತ್ರ ಮನೇಲಿ ಇಟ್ಟು ಬಾ."

ಇಟ್ಟು ಬಂದೆ. ರಟ್ಟನ್ನು ಕಿತ್ತು ದ್ವೀಪಕ್ಕೆ ಹೋಗುವ ಹಾಸಿಗೆಗಳ ಮಧ್ಯೆ ಸೇರಿಸಿದೆ. ಭಾವಮೈದ ಅಕ್ಕನಿಗೆ ಕೊಟ್ಟ ಮಾತಿನಂತೆ ಅವಳ ಹೆಸರು ತೆಗೆದ. ಮನೆಯಲ್ಲಿ ಶಾಂತಿ ನೆಲೆಸಿತು.

ಮುಂದಿನ ವಾರ, ಊಟವಾದ ಮೇಲೆ, ಸಾಹೇಬರು ಮಾದರಿ ಹಾಸಿಗೆಯ ಮೇಲೆ ಮಲಗಿದ್ದಲ್ಲಿಂದಲೇ ನನ್ನನ್ನು ಕೂಗಿದರು. ಫೋನು ಎದೆಯ ಮೇಲಿತ್ತು.

"ರವಾನೆ, ಇದು ಹೊಸದು. 'ಮಾನ್ಯರೇ, ತಮ್ಮ ಗೊರಕೆಯ ಬಗ್ಗೆ ನಮಗೆ ಚಿಂತೆಯಾಗಿದೆ.' ನನ್ನ ಗೊರಕೆ ಇವರಿಗೆ ಹೆಂಗಯ್ಯ ಗೊತ್ತು? ಬಾಲ ಬೇರೆ ಯಾವ್ದೋ ಇದೆ. ಹೆಸರೂ ಬೇರೆ. ಬಿ, ಎಚ್, ಎ, ವಿ, ಎ, ಎನ್, ಎ, ಎಂ, ಎ, ಎನ್, ಇ. ಬ್ಹವಾನಾಮಾನೇ! ಕೊನೇ ಸಲ ನೋಡಿ ಹೇಳು, ಯಾವ ದೇಶ?"

ನೋಡಿದೆ. ಈ ಸಲ ತಲೆಯಿಂದ ಶುರುಮಾಡಿ ಓದಿದೆ. ಭಾವನ ಮನೆ. ಭಾವ ಎಂದರೆ ನಾನು.

"ಬಾಲ ಯಾವುದೋ ಹಿಮದ ದೇಶದ್ದು ಸರ್" ಎಂದೆ. ಅದು ನಿಜ. ಅಷ್ಟಕ್ಕೇ ಬಿಡಬಹುದಿತ್ತು. ಖಾಯಂ ಆದ ನೌಕರ ಸುಳ್ಳು ಹೇಳಬಾರದೆಂದು ಧೈರ್ಯ ತಂದುಕೊಂಡು, ಕೈ ಕಟ್ಟಿ ನಿಂತು, ಗಂಟಲು ಸರಿಮಾಡಿಕೊಂಡೆ.

"ಆದರೆ..." ಎಂದೆ.

ಸಾಹೇಬರು ಗೊರಕೆ ಹೊಡೆಯುತ್ತಿದ್ದರು. ನಮ್ಮ ಮಾಲಿನ ಗುಣವೇ ಹಾಗೆ.